ಕಂಪನಿಗೆ 10 ಲಕ್ಷ ದಂಡ ಬಿದ್ದರೆ ಗ್ರಾಹಕರ ಕೈಗೆ ಎಷ್ಟು ಬರುತ್ತದೆ?

"ಸುಳ್ಳು ಜಾಹೀರಾತು ಕೊಟ್ಟ ಕಂಪನಿಯ ಮೇಲೆ ದೂರು ಕೊಡಿ, 10 ಲಕ್ಷ ದಂಡ ಬೀಳುತ್ತದೆ, ದೂರು ಕೊಟ್ಟವರಿಗೆ ಆ ದುಡ್ಡು ಸಿಗುತ್ತದೆ." ಇಂಥ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಚಹಾದ ಅಂಗಡಿಗಳಲ್ಲೂ ಓಡಾಡುತ್ತಿರುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಆ ದಂಡದ ಒಂದು ಪೈಸೆಯೂ ದೂರು ಕೊಟ್ಟವರಿಗೆ ಬರುವುದಿಲ್ಲ. ನಿಮ್ಮ ನಷ್ಟಕ್ಕೆ ಸಿಗುವ ಹಣ ಬೇರೆ, ಅದನ್ನು ಕೊಡಿಸುವ ಕಚೇರಿ ಬೇರೆ, ಅಲ್ಲಿಗೆ ಹೋಗುವ ದಾರಿಯೂ ಬೇರೆ.

ಈ ವ್ಯತ್ಯಾಸ ತಿಳಿಯದೆ ಜನ ಎರಡು ರೀತಿಯಲ್ಲಿ ಸೋಲುತ್ತಾರೆ. ಕೆಲವರು "ನಮ್ಮಂಥವರಿಗೆ ಇದೆಲ್ಲ ಆಗುವ ಮಾತಲ್ಲ, ದಿಲ್ಲಿಯ ವ್ಯವಹಾರ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಎಲ್ಲೋ ಒಂದು ಕಡೆ ದೂರು ಬರೆಸಿ, ಹಣ ಬರುತ್ತದೆಂದು ಕಾಯುತ್ತ ಕೂತು, ಕಾನೂನಿನ ಗಡುವನ್ನು ಕಳೆದುಕೊಳ್ಳುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದವರಿಗೆ ಎದುರಾಗುವ ವ್ಯವಹಾರಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿ ನೋಡೋಣ.

ದಂಡ ಹಾಕುವವರು ಯಾರು, ಹಣ ಹೋಗುವುದು ಎಲ್ಲಿಗೆ?

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂತು. ಅದು ಜಾರಿಯಾದದ್ದು 2020ರ ಜುಲೈನಲ್ಲಿ. ಹೊಸ ಕಾಯ್ದೆಯ ದೊಡ್ಡ ಬದಲಾವಣೆ ಎಂದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ಇದು ದಿಲ್ಲಿಯಲ್ಲಿದೆ. ಒಬ್ಬೊಬ್ಬ ಗ್ರಾಹಕರ ಜಗಳ ಬಿಡಿಸುವುದು ಇದರ ಕೆಲಸವಲ್ಲ. ಒಟ್ಟಾರೆ ಗ್ರಾಹಕ ವರ್ಗಕ್ಕೆ ಮೋಸವಾಗುತ್ತಿದೆ ಎಂದು ಕಂಡಾಗ ತನಿಖೆ ಮಾಡಿಸುವುದು, ಜಾಹೀರಾತು ನಿಲ್ಲಿಸುವುದು, ಸರಕು ವಾಪಸ್ ತರಿಸುವುದು, ದಂಡ ಹಾಕುವುದು ಇದರ ಕೆಲಸ.

ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತಿನಲ್ಲಿ ಕಾಣಿಸಿಕೊಂಡು "ನಾನೂ ಇದನ್ನೇ ಬಳಸುತ್ತೇನೆ" ಎನ್ನುವ ತಾರೆಗೂ ಇದೇ ದಂಡ ಅನ್ವಯ. ಜೊತೆಗೆ ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಯಾವ ಸರಕಿನ ಪ್ರಚಾರವನ್ನೂ ಮಾಡದಂತೆ ನಿಷೇಧ ಹೇರಬಹುದು. ಹೇಳುತ್ತಿರುವುದು ನಿಜವೇ ಎಂದು ಮೊದಲೇ ಪರಿಶೀಲಿಸಿದ್ದೆ ಎಂದು ತೋರಿಸಿಕೊಟ್ಟರೆ ತಾರೆಗೆ ಈ ಹೊಣೆಯಿಂದ ಬಿಡುಗಡೆ ಉಂಟು. ದಂಡದ ಮೊತ್ತ ನಿರ್ಧರಿಸುವಾಗ ಎಷ್ಟು ಜನರಿಗೆ, ಎಷ್ಟು ಪ್ರದೇಶಕ್ಕೆ ತೊಂದರೆಯಾಯಿತು, ಎಷ್ಟು ಕಾಲ ನಡೆಯಿತು, ಮೋಸ ಹೋದವರು ಎಷ್ಟು ದುರ್ಬಲರು, ಆ ಮಾರಾಟದಿಂದ ಬಂದ ಆದಾಯವೆಷ್ಟು ಎಂಬುದನ್ನೆಲ್ಲ ನೋಡಬೇಕು ಎಂದು ಕಾಯ್ದೆ ಹೇಳುತ್ತದೆ.

ಇದು ಸಿವಿಲ್ ದಂಡ. ಅಂದರೆ ಪೊಲೀಸ್ ಕೇಸಿಲ್ಲ, ಜೈಲಿಲ್ಲ. ತಪ್ಪು ಸಾಬೀತಾದರೆ ಹಣ ಕಟ್ಟಬೇಕು, ಅಷ್ಟೇ. ಕಟ್ಟಿದ ಹಣ ಸೇರುವುದು ಸರ್ಕಾರಕ್ಕೆ.

ಇತ್ತೀಚಿನ ಒಂದು ಪ್ರಕರಣ ನೋಡಿ. ಬೆಂಗಳೂರಿನಿಂದ ನಡೆಯುವ ರ್‍ಯಾಪಿಡೋ ಕಂಪನಿ "5 ನಿಮಿಷದಲ್ಲಿ ಆಟೋ, ಇಲ್ಲವಾದರೆ 50 ರೂಪಾಯಿ" ಎಂದು ಜಾಹೀರಾತು ಕೊಟ್ಟಿತ್ತು. 120ಕ್ಕೂ ಹೆಚ್ಚು ನಗರಗಳಲ್ಲಿ ಸುಮಾರು 548 ದಿನ ಅದು ಓಡಿತು. ಪ್ರಾಧಿಕಾರ ಕೆದಕಿ ನೋಡಿದಾಗ ಕಂಡದ್ದೇನು? ಆ 50 ರೂಪಾಯಿ ರೂಪಾಯಿಯೇ ಅಲ್ಲ, ಕಂಪನಿಯ ಆ್ಯಪಿನೊಳಗಿನ "ಕಾಯಿನ್". ಅದೂ ಪೂರ್ತಿ 50 ಅಲ್ಲ, "50ರವರೆಗೆ". ಬೈಕ್ ಸವಾರಿಗೆ ಮಾತ್ರ ನಡೆಯುತ್ತಿತ್ತು, ಏಳು ದಿನದಲ್ಲಿ ಬಳಸದಿದ್ದರೆ ರದ್ದು. ಷರತ್ತುಗಳು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿದ್ದವು. 2025ರ ಆಗಸ್ಟ್‌ನಲ್ಲಿ ಪ್ರಾಧಿಕಾರ 10 ಲಕ್ಷ ದಂಡ ಹಾಕಿತು.

ಪತ್ರಿಕೆಗಳ ತಲೆಬರಹಗಳಲ್ಲಿ ಕಂಡದ್ದು ಈ 10 ಲಕ್ಷ. ಗ್ರಾಹಕರಿಗೆ ಸಂಬಂಧಪಟ್ಟ ಸಾಲು ಆದೇಶದಲ್ಲಿ ಬೇರೆಯೇ ಇತ್ತು: ಆ ಕೊಡುಗೆ ಬಳಸಿಯೂ 50 ರೂಪಾಯಿ ಸಿಗದವರಿಗೆಲ್ಲ ಆ ಹಣ ಕೊಡಬೇಕು. ಅಂದರೆ ದಂಡ ಸರ್ಕಾರಕ್ಕೆ, ತಲಾ 50 ರೂಪಾಯಿ ಗ್ರಾಹಕರಿಗೆ.

10 ಲಕ್ಷ ದೊಡ್ಡ ಮೊತ್ತವೇ?

ಬೆಟಗೇರಿಯ ಒಂದು ಸಣ್ಣ ಅಂಗಡಿಗೆ 10 ಲಕ್ಷ ಎಂದರೆ ಶಟರ್ ಎಳೆಯುವ ಮಾತು. ದೇಶದ ತುಂಬ ವ್ಯಾಪಾರ ಮಾಡುವ ಕಂಪನಿಗೆ ಅದು ಒಂದು ಜಾಹೀರಾತು ಚಿತ್ರೀಕರಣದ ಖರ್ಚೂ ಆಗಲಿಕ್ಕಿಲ್ಲ. ಕಾಯ್ದೆ ಆದಾಯವನ್ನು ನೋಡಿ ದಂಡ ಹಾಕಿ ಎನ್ನುತ್ತದೆ, ಆದರೆ ಮೇಲಿನ ಮಿತಿ ಎಲ್ಲರಿಗೂ ಒಂದೇ. ಇದು ಈ ಕಾನೂನಿನ ದೊಡ್ಡ ಕೊರತೆ ಎಂಬುದು ನಮ್ಮ ಅಭಿಪ್ರಾಯ.

2022ರ ಆಗಸ್ಟ್‌ನ ಒಂದು ಆದೇಶ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಡ್ಡಾಯ ಗುಣಮಟ್ಟದ ಗುರುತಿಲ್ಲದ 598 ಪ್ರೆಶರ್ ಕುಕ್ಕರ್‌ಗಳು ಫ್ಲಿಪ್‌ಕಾರ್ಟ್ ತಾಣದ ಮೂಲಕ ಮಾರಾಟವಾಗಿದ್ದವು. ಆ ಮಾರಾಟಗಳಿಂದ ತಾಣಕ್ಕೆ ಬಂದ ಶುಲ್ಕ 1,84,263 ರೂಪಾಯಿ. ಪ್ರಾಧಿಕಾರ ಹಾಕಿದ ದಂಡ 1 ಲಕ್ಷ! 598 ಗ್ರಾಹಕರಿಗೂ ತಿಳಿಸಿ, ಕುಕ್ಕರ್ ವಾಪಸ್ ಪಡೆದು ಹಣ ಹಿಂತಿರುಗಿಸಬೇಕು ಎಂದೂ ಅದೇ ಆದೇಶದಲ್ಲಿತ್ತು. ವಿಷಯ ಮುಂದೆ ದಿಲ್ಲಿ ಹೈಕೋರ್ಟಿಗೂ ಹೋಯಿತು. ಒಲೆಯ ಮೇಲೆ ಸಿಡಿಯಬಹುದಾದ ಕುಕ್ಕರ್ ಮನೆಯಲ್ಲಿಟ್ಟುಕೊಂಡವರಿಗೆ ಬೇಕಾದದ್ದು ಈ ಎರಡನೆಯ ಭಾಗವೇ.

ಹೊರದೇಶಗಳ ಲೆಕ್ಕ ಬೇರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಪ್ರತಿ ಉಲ್ಲಂಘನೆಗೆ 53,088 ಡಾಲರ್‌ವರೆಗೆ ಸಿವಿಲ್ ದಂಡ ಕೇಳಬಹುದಾಗಿತ್ತು. ಅಲ್ಲಿ ಉಲ್ಲಂಘನೆಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಸಾವಿರ ಸಲ ತಪ್ಪಿದರೆ ಸಾವಿರ ಪಟ್ಟು. ಆಸ್ಟ್ರೇಲಿಯಾದಲ್ಲಿ 2022ರ ನವೆಂಬರ್‌ನಿಂದ ಕಂಪನಿಗೆ ಹಾಕಬಹುದಾದ ಗರಿಷ್ಠ ದಂಡವನ್ನು 5 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಏರಿಸಿದ್ದಾರೆ. ಮೋಸದಿಂದ ಬಂದ ಲಾಭದ ಮೂರು ಪಟ್ಟು ಅದಕ್ಕಿಂತ ಹೆಚ್ಚಾದರೆ ಆ ಹೆಚ್ಚಿನ ಮೊತ್ತವೇ ಮಿತಿ.

ನಿಮ್ಮ ಹಣ ಕೊಡಿಸುವುದು ಗದಗಿನ ಆಯೋಗ

ನಿಮ್ಮ ಸ್ವಂತ ನಷ್ಟಕ್ಕೆ ಪರಿಹಾರ ಬೇಕಿದ್ದರೆ ಹೋಗಬೇಕಾದ ಜಾಗ ಗದಗಿನಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಿಂದೆ ಇದನ್ನು ಗ್ರಾಹಕರ ವೇದಿಕೆ ಎನ್ನುತ್ತಿದ್ದರು, ಈಗಲೂ ಬಹಳ ಜನ "ಗ್ರಾಹಕರ ಕೋರ್ಟು" ಎಂದೇ ಕರೆಯುತ್ತಾರೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳೂ ಇದರ ವ್ಯಾಪ್ತಿಗೇ ಬರುತ್ತವೆ.

ಆಯೋಗ ಏನೇನು ಆದೇಶ ಮಾಡಬಹುದು? ದೋಷ ಸರಿಪಡಿಸಿ ಎನ್ನಬಹುದು, ಬದಲಿ ಸರಕು ಕೊಡಿ ಎನ್ನಬಹುದು, ಬಡ್ಡಿ ಸಮೇತ ಹಣ ಹಿಂತಿರುಗಿಸಿ ಎನ್ನಬಹುದು. ನಷ್ಟಕ್ಕೂ ಮಾನಸಿಕ ಯಾತನೆಗೂ ಪರಿಹಾರ, ಪ್ರಕರಣದ ಖರ್ಚು ಕೊಡಿಸಬಹುದು. ತೀರಾ ಅತಿರೇಕದ ನಡವಳಿಕೆ ಕಂಡರೆ ಪಾಠ ಕಲಿಸಲೆಂದೇ ಹೆಚ್ಚುವರಿ ಪರಿಹಾರ ವಿಧಿಸಬಹುದು, ಇದನ್ನು ದಂಡನಾತ್ಮಕ ಪರಿಹಾರ ಎನ್ನುತ್ತಾರೆ. ಸುಳ್ಳು ಜಾಹೀರಾತು ಕೊಟ್ಟವರಿಂದಲೇ, ಅವರ ಖರ್ಚಿನಲ್ಲೇ, ತಿದ್ದುಪಡಿ ಜಾಹೀರಾತು ಕೊಡಿಸಬಹುದು.

ಗದಗ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತಲ್ಲ, ಆ ಧಾರವಾಡದ ಆಯೋಗದ್ದೇ ಒಂದು ಪ್ರಕರಣ. 2023ರ ಆಗಸ್ಟ್ 31ರಂದು ಒಬ್ಬ ಮಹಿಳೆ ಜೊಮ್ಯಾಟೊ ಮೂಲಕ 133 ರೂಪಾಯಿ 25 ಪೈಸೆಯ ಮೋಮೊ ತರಿಸಿದರು. "ತಲುಪಿಸಲಾಗಿದೆ" ಎಂಬ ಸಂದೇಶ ಬಂತು, ಮೋಮೊ ಬರಲಿಲ್ಲ. ಕಂಪನಿಗೆ ತಿಳಿಸಿದರೂ ಸಮಾಧಾನ ಸಿಗಲಿಲ್ಲ. ಅವರು ಆಯೋಗಕ್ಕೆ ಹೋದರು. 2024ರ ಜುಲೈನಲ್ಲಿ ಆಯೋಗ 50,000 ರೂಪಾಯಿ ಪರಿಹಾರ, 10,000 ರೂಪಾಯಿ ಪ್ರಕರಣದ ಖರ್ಚು ಕೊಡಬೇಕೆಂದು ಆದೇಶಿಸಿತು. ಈ 60,000 ದಂಡವಲ್ಲ, ಪರಿಹಾರ. ಹಾಗಾಗಿ ಅದು ಸರ್ಕಾರಕ್ಕಲ್ಲ, ಆ ಮಹಿಳೆಗೆ ಸೇರಬೇಕಾದ ಹಣ.

ಹಾಗೆಂದು 133 ರೂಪಾಯಿಯ ಪ್ರಕರಣಕ್ಕೆಲ್ಲ 60,000 ಬರುತ್ತದೆ ಎಂದು ಲೆಕ್ಕ ಹಾಕಬೇಡಿ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಂದು ಆಯೋಗ, ಕೈಚೀಲಕ್ಕೆ 20 ರೂಪಾಯಿ ವಸೂಲಿ ಮಾಡಿದ ಐಕಿಯಾ ಮಳಿಗೆಗೆ ಆ 20 ರೂಪಾಯಿ ಬಡ್ಡಿ ಸಮೇತ ವಾಪಸ್ ಕೊಟ್ಟು 1,000 ರೂಪಾಯಿ ಪರಿಹಾರ, 2,000 ರೂಪಾಯಿ ಖರ್ಚು ಕೊಡಲು ಹೇಳಿತು. ಮೊತ್ತಕ್ಕೆ ಇಂತಿಷ್ಟೇ ಎಂಬ ಪಟ್ಟಿಯಿಲ್ಲ.

ಇನ್ನೊಂದು ಬಗೆಯ ಹಣವೂ ಇದೆ. ಮೋಸಕ್ಕೆ ಒಳಗಾದವರು ಸಾವಿರಾರು ಜನ, ಅವರು ಯಾರ್‍ಯಾರೆಂದು ಗುರುತಿಸಲಾಗದು ಎಂದಾದರೆ, ಹಾಗೆ ಮಾರಿದ ದೋಷಯುಕ್ತ ಸರಕಿನ ಅಥವಾ ಸೇವೆಯ ಮೌಲ್ಯದ ಶೇ. 25ಕ್ಕೆ ಕಡಿಮೆಯಿಲ್ಲದಷ್ಟು ಹಣ ಕಟ್ಟಿಸಬಹುದು. ಹಳೆಯ ಕಾಯ್ದೆಯಲ್ಲಿ ಇದು ಶೇ. 5 ಇತ್ತು. ಇಂಥ ಹಣವನ್ನೂ ಕೆಲವೊಮ್ಮೆ ದಂಡನಾತ್ಮಕ ಪರಿಹಾರವನ್ನೂ ಗ್ರಾಹಕ ಕಲ್ಯಾಣ ನಿಧಿಗೆ ಕಟ್ಟಿಸುತ್ತಾರೆ. 2025ರ ಫೆಬ್ರುವರಿಯಲ್ಲಿ, ಸಿನಿಮಾಕ್ಕೆ ಮುಂಚೆ 25 ನಿಮಿಷ ಜಾಹೀರಾತು ತೋರಿಸಿದ ಪಿವಿಆರ್ ಐನಾಕ್ಸ್‌ಗೆ ಬೆಂಗಳೂರಿನ ಆಯೋಗ 1 ಲಕ್ಷ ರೂಪಾಯಿಯನ್ನು ಈ ನಿಧಿಗೆ ಕಟ್ಟಲು ಹೇಳಿತ್ತು, ದೂರುದಾರರಿಗೆ ಒಟ್ಟು 28,000 ಕೊಡಲು ಹೇಳಿತ್ತು. ಮುಂದಿನ ತಿಂಗಳೇ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಒಬ್ಬರ ದೂರನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ನೋಡಲಾಗಿದೆ ಎಂಬುದು ಅಲ್ಲಿ ಬಂದ ಆಕ್ಷೇಪ. ಆಯೋಗದ ಆದೇಶವೇ ಕೊನೆಯ ಮಾತಲ್ಲ ಎಂಬುದನ್ನು ನೆನಪಿಡಲು ಈ ಪ್ರಕರಣ ಸಾಕು.

ಯಾವುದು ಮೋಸ, ಯಾವುದು ಬರೀ ಜಾಣ ವ್ಯಾಪಾರ?

"ನಮ್ಮ ಖಾನಾವಳಿಯ ರೊಟ್ಟಿ ಗದಗಿನಲ್ಲೇ ರುಚಿ" ಎಂದು ಫಲಕ ಹಾಕಿದರೆ ಅದು ಮೋಸವಲ್ಲ. ಅದು ಹೊಗಳಿಕೆ, ಯಾರೂ ಅದನ್ನು ಅಳೆದು ನೋಡುವುದಿಲ್ಲ. "ಶುದ್ಧ ರೇಷ್ಮೆ" ಎಂದು ಹೇಳಿ ಪಾಲಿಯೆಸ್ಟರ್ ಸೀರೆ ಕೊಟ್ಟರೆ, ಯಂತ್ರದ ಮಗ್ಗದ್ದನ್ನು "ಬೆಟಗೇರಿ ಕೈಮಗ್ಗ" ಎಂದು ಮಾರಿದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಹಳೆಯದನ್ನು ಹೊಸದೆಂದು ಮಾರುವುದು, ಪರೀಕ್ಷೆಯ ಆಧಾರವಿಲ್ಲದೆ ಬಾಳಿಕೆಯ ಭರವಸೆ ಕೊಡುವುದು, ಕೊಡುವ ಉದ್ದೇಶವೇ ಇಲ್ಲದ ಬಹುಮಾನದ ಆಸೆ ತೋರಿಸುವುದು, ಬೆಲೆ ಏರಿಸಿಟ್ಟು ಅದರ ಮೇಲೆ "ಅರ್ಧ ಬೆಲೆ" ಎಂದು ಬರೆಯುವುದು, ಎಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಬಿಲ್ಲಿನ ಕೆಳಗೆ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂದು ಅಚ್ಚು ಹಾಕಿಸಿರುತ್ತಾರಲ್ಲ, ಆ ಸಾಲಿಗೆ ದೋಷಯುಕ್ತ ಸರಕಿನ ವಿಷಯದಲ್ಲಿ ಬೆಲೆಯಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷವಿರುವ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಕಾಯ್ದೆ ಹೇಳುತ್ತದೆ. ಬಣ್ಣ ಇಷ್ಟವಾಗಲಿಲ್ಲ, ಮನೆಯವರು ಒಪ್ಪಲಿಲ್ಲ ಎಂದರೆ ಮಾತ್ರ ಅಂಗಡಿಯವರ ಮರ್ಜಿ. ಬಿಲ್ ಕೊಡದೇ ಇರುವುದೂ ಇದೇ ಕಾಯ್ದೆಯ ಪ್ರಕಾರ ತಪ್ಪು. ಆದ್ದರಿಂದ "ಬಿಲ್ ಇಲ್ಲದಿದ್ದರೆ ಕೇಸೇ ಇಲ್ಲ" ಎಂಬುದು ಪೂರ್ತಿ ಸರಿಯಲ್ಲ. ಫೋನ್‌ನಿಂದ ಹಣ ಕಳಿಸಿದ ದಾಖಲೆ, ಡಬ್ಬಿ, ಸಂದೇಶಗಳು ಪುರಾವೆಗೆ ಬರುತ್ತವೆ. ಬಿಲ್ ಇದ್ದರೆ ಕೆಲಸ ಸುಲಭ ಎಂಬುದಂತೂ ನಿಜ.

ಬಸ್ ನಿಲ್ದಾಣದ ಅಂಗಡಿಯಲ್ಲಿ ತಂಪು ನೀರಿನ ಬಾಟಲಿಗೆ "ಕೂಲಿಂಗ್ ಚಾರ್ಜ್" ಎಂದು ಎಂಆರ್‌ಪಿಗಿಂತ ಹೆಚ್ಚು ಕೇಳುವುದು ತಪ್ಪು. ಅದನ್ನು ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ. ಹೋಟೆಲಿನಲ್ಲಿ ಕೂತು ಕುಡಿದರೆ ಮಾತು ಬೇರೆ. ಅಲ್ಲಿ ಸೇವೆಯೂ ಸೇರುವುದರಿಂದ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆರೋಗ್ಯದ ವಿಷಯಕ್ಕೆ ಬಂದರೆ ಮೋಸದ ಬೆಲೆ ರೂಪಾಯಿಯಲ್ಲಿ ಮುಗಿಯುವುದಿಲ್ಲ. ಕಪ್ಪತಗುಡ್ಡ ಔಷಧೀಯ ಸಸ್ಯಗಳಿಗೆ ಹೆಸರಾದದ್ದು. ಆ ಹೆಸರನ್ನು ಬಾಟಲಿಯ ಮೇಲೆ ಅಂಟಿಸಿ "30 ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ" ಎಂದು ಯಾರಾದರೂ ಜಾತ್ರೆಯಲ್ಲೋ ಯೂಟ್ಯೂಬಿನಲ್ಲೋ ಮಾರುತ್ತಾರೆ ಎಂದುಕೊಳ್ಳಿ. ಗುಡ್ಡದಲ್ಲಿ ಗಿಡಮೂಲಿಕೆ ಇರುವುದು ನಿಜ, ಆದರೆ ಅದರಿಂದ ಬಾಟಲಿಯ ಮಾತು ನಿಜವಾಗುವುದಿಲ್ಲ. ಮಧುಮೇಹ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಔಷಧ ಆಯುರ್ವೇದದ್ದೇ ಇರಲಿ, ಅಲೋಪತಿಯದ್ದೇ ಇರಲಿ, ಈ ನಿಷೇಧ ಒಂದೇ. ಬಾಟಲಿ ನಂಬಿ ಇನ್ಸುಲಿನ್ ಬಿಟ್ಟವರು ಆಸ್ಪತ್ರೆ ಸೇರಿದರೆ ಬಾಟಲಿಯ ಬೆಲೆಯನ್ನಷ್ಟೇ ಅಲ್ಲ, ಚಿಕಿತ್ಸೆಯ ಖರ್ಚನ್ನೂ ದೇಹಕ್ಕಾದ ಹಾನಿಗೆ ಪರಿಹಾರವನ್ನೂ ಆಯೋಗದಲ್ಲಿ ಕೇಳಬಹುದು. ಅದಕ್ಕೆ ಬಾಟಲಿ, ಅದರ ಚೀಟಿ, ಜಾಹೀರಾತಿನ ಫೋಟೊ, ವೈದ್ಯರ ದಾಖಲೆ ಉಳಿದಿರಬೇಕು.

ಬೀಜ ಮೊಳೆಯದಿದ್ದರೆ?

ಈ ಭಾಗದಲ್ಲಿ ಗ್ರಾಹಕ ಕಾನೂನು ನಿಜವಾಗಿ ಬೇಕಾಗುವುದು ಇಲ್ಲಿ. ಮೊಬೈಲ್ ಕೆಟ್ಟರೆ ಬೇರೆ ಕೊಳ್ಳಬಹುದು. ಬಿತ್ತಿದ ಬೀಜ ಕೈಕೊಟ್ಟರೆ ಮಳೆಯ ಹದ ಮತ್ತೆ ಬರುವುದಿಲ್ಲ, ಗೊಬ್ಬರ, ಆಳು, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಮಣ್ಣುಪಾಲು.

"ರೈತರು ಗ್ರಾಹಕರಲ್ಲ, ಬೀಜಕ್ಕೆ ಬೀಜದ ಕಾಯ್ದೆ ಇದೆ" ಎಂದು ಬೀಜ ಮಾರಿದವರು ವಾದಿಸುತ್ತ ಬಂದಿದ್ದರು. ಆಂಧ್ರಪ್ರದೇಶದ ರೈತರಿಗೂ ರಾಷ್ಟ್ರೀಯ ಬೀಜ ನಿಗಮಕ್ಕೂ ನಡೆದ ವ್ಯಾಜ್ಯದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಬೀಜ ಕೊಳ್ಳುವ ರೈತರು ಗ್ರಾಹಕರೇ. ಕೋರ್ಟ್ ಕೊಟ್ಟ ಕಾರಣ ನಮ್ಮ ಈ ಲೇಖನದ ವಿಷಯವೇ ಆಗಿದೆ: ಬೀಜದ ಕಾಯ್ದೆಯಲ್ಲಿ ಮಾರಿದವರಿಗೆ ಶಿಕ್ಷೆಯಿದೆ, ರೈತರಿಗೆ ಪರಿಹಾರ ಕೊಡಿಸುವ ದಾರಿಯಿಲ್ಲ. 1966ರ ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇಟ್ಟ ದಂಡ 500 ರೂಪಾಯಿವರೆಗೆ! ಹತ್ತು ಎಕರೆ ಶೇಂಗಾ ಹಾಳಾದವರು ಆ 500ರಿಂದ ಏನು ಮಾಡಬೇಕು? ಅದೂ ಅವರಿಗೆ ಸಿಗುವುದಿಲ್ಲ.

ಬೀಜ ಕಂಪನಿಗಳ ಇನ್ನೊಂದು ವಾದ, ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡದೆ ದೋಷ ಸಾಬೀತಾಗದು ಎಂಬುದು. ಕೊಂಡ ಬೀಜವನ್ನೆಲ್ಲ ಬಿತ್ತುವುದೇ ರೈತರ ವಾಡಿಕೆ, ಮುಂದೆ ಕೇಸು ಹಾಕಬೇಕಾದೀತೆಂದು ಒಂದಿಷ್ಟು ತೆಗೆದಿಡಬೇಕೆಂದು ನಿರೀಕ್ಷಿಸಲಾಗದು ಎಂದು ಕೋರ್ಟ್ ಅದನ್ನೂ ಒಪ್ಪಲಿಲ್ಲ. ಮಾದರಿ ಬೇಕಿದ್ದರೆ ಅದೇ ತಂಡದ ಬೀಜವನ್ನು ಕಂಪನಿಯೇ ಹಾಜರುಪಡಿಸಬಹುದು. ಆದರೂ ನಮ್ಮ ಸಲಹೆ, ಒಂದು ಹಿಡಿ ಬೀಜ, ಚೀಲ, ಅದರ ಚೀಟಿ ಮೂರನ್ನೂ ಕೊಯ್ಲು ಮುಗಿಯುವವರೆಗೆ ಇಟ್ಟುಕೊಳ್ಳಿ. ಕೋರ್ಟ್ ಕಡ್ಡಾಯ ಮಾಡದಿದ್ದರೂ ಇದ್ದರೆ ವಾದ ಅರ್ಧ ಗೆದ್ದಂತೆ.

ಚೀಟಿಯ ಬಣ್ಣವೂ ಒಂದು ಮಾಹಿತಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ, ತಳಿವರ್ಧಕರ ಬೀಜಕ್ಕೆ ಹೊಂಬಣ್ಣದ ಹಳದಿ. ಪರೀಕ್ಷೆಯ ದಿನಾಂಕದಿಂದ ಸಾಮಾನ್ಯವಾಗಿ ಒಂಬತ್ತು ತಿಂಗಳು ಪ್ರಮಾಣಪತ್ರದ ಅವಧಿ. ಇನ್ನು ಮೊಳಕೆಯ ಪ್ರಮಾಣ. ನೂರಕ್ಕೆ ನೂರು ಮೊಳೆಯಬೇಕೆಂಬ ನಿಯಮ ಯಾವ ಬೆಳೆಗೂ ಇಲ್ಲ. ಪ್ರಮಾಣಿತ ಬೀಜದಲ್ಲಿ ಶೇಂಗಾ, ಉಳ್ಳಾಗಡ್ಡಿಗೆ ಕನಿಷ್ಠ ಶೇ. 70, ಹೆಸರಿಗೆ 75, ಕಡಲೆಗೆ 85, ಗೋವಿನಜೋಳಕ್ಕೆ 90 ಇರಬೇಕು. ಅಂದರೆ ಶೇಂಗಾದಲ್ಲಿ ನೂರಕ್ಕೆ 28 ಕಾಳು ಮೊಳೆಯದಿದ್ದರೂ ಅದು ದೋಷಯುಕ್ತ ಬೀಜವಲ್ಲ, ಹೆಸರಿನಲ್ಲಿ ಅಷ್ಟೇ ಹೋದರೆ ದೋಷಯುಕ್ತ. ಬಿತ್ತುವ ಮುನ್ನ ನೂರು ಕಾಳು ಎಣಿಸಿ ಒದ್ದೆ ಗೋಣಿ ತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ಒಂದು ವಾರದಿಂದ ಹತ್ತು ದಿನ ತೇವ ಆರದಂತೆ ನೋಡಿದರೆ ಮನೆಯಲ್ಲೇ ಲೆಕ್ಕ ಸಿಗುತ್ತದೆ. ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ.

ಹೊಲದಲ್ಲಿ ಬೀಜ ಹುಟ್ಟದಿದ್ದಾಗ, ಅಥವಾ ಗಿಡ ಬಂದು ಕಾಯಿ ಕಟ್ಟದಿದ್ದಾಗ ಕಂಪನಿ ಹೇಳುವ ಕಾರಣಗಳು ಗೊತ್ತಿರುವವೇ: ಮಳೆ ಕಡಿಮೆ, ಆಳಕ್ಕೆ ಬಿತ್ತಿದ್ದಾರೆ, ಔಷಧ ತಪ್ಪಾಗಿದೆ. ಕೆಲವು ಸಲ ಅದು ನಿಜವೂ ಆಗಿರುತ್ತದೆ. ಎರೆಭೂಮಿಯಲ್ಲಿ ಬಿತ್ತಿದ ಮರುದಿನ ಜೋರು ಮಳೆ ಬಿದ್ದು ಮೇಲ್ಮಣ್ಣು ಬಿಗಿದರೆ ಒಳ್ಳೆಯ ಬೀಜವೂ ಮೇಲೇಳುವುದಿಲ್ಲ. ಆದ್ದರಿಂದ ಬೆಳೆ ಹೊಲದಲ್ಲಿ ಇರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಲಿಖಿತ ದೂರು ಕೊಟ್ಟು, ದೂರಿನ ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆದು, ಜಂಟಿ ಪರಿಶೀಲನೆ ಕೇಳಬೇಕು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಅಭಿಪ್ರಾಯಕ್ಕೆ ಇಲ್ಲಿ ತೂಕವಿದೆ. ಪರಿಶೀಲನೆಯ ದಿನವನ್ನು ಬೀಜ ಮಾರಿದವರಿಗೂ ಕಂಪನಿಗೂ ಮುಂಚೆಯೇ ತಿಳಿಸಿರಬೇಕು, ಇಲ್ಲವಾದರೆ "ನಮ್ಮ ಬೆನ್ನ ಹಿಂದೆ ಮಾಡಿದ ವರದಿ" ಎಂದು ಅವರು ತಕರಾರು ತೆಗೆಯುತ್ತಾರೆ. ಪಕ್ಕದ ಹೊಲದಲ್ಲಿ ಬೇರೆ ಬೀಜ ಅದೇ ವಾರ ಬಿತ್ತಿ ಚೆನ್ನಾಗಿ ಬಂದಿದ್ದರೆ ಅದರ ಫೋಟೊವನ್ನೂ ತೆಗೆದಿಡಿ. ಮಳೆಯ ನೆಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗಲಿಕ್ಕಿಲ್ಲ.

ಎಲ್ಲ ರೈತರೂ ಎಲ್ಲ ಕಡೆಯೂ ಗ್ರಾಹಕರಲ್ಲ

ಅದೇ ರೈತರು ಬೆಳೆದದ್ದನ್ನು ಗದಗಿನ ಎಪಿಎಂಸಿಗೆ ತಂದು ಮಾರುವಾಗ ತೂಕದಲ್ಲಿ ಮೋಸವಾದರೆ ಗ್ರಾಹಕ ಆಯೋಗ ಸಹಾಯಕ್ಕೆ ಬರುವುದಿಲ್ಲ. ಅಲ್ಲಿ ಅವರು ಮಾರುವವರು, ಕೊಳ್ಳುವವರಲ್ಲ. ಆ ದೂರು ಎಪಿಎಂಸಿಗೆ, ಕಾನೂನು ಮಾಪನಶಾಸ್ತ್ರ ಇಲಾಖೆಗೆ. ಮರುಮಾರಾಟಕ್ಕೆ ಸರಕು ತರಿಸುವ ಕಿರಾಣಿ ಅಂಗಡಿಯವರೂ ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಬೆಟಗೇರಿಯ ನೇಕಾರರು ತಮ್ಮ ಹೊಟ್ಟೆಪಾಡಿಗೆ ತಾವೇ ನೇಯಲು ಕೊಂಡ ಮಗ್ಗ ಕೆಟ್ಟರೆ ಅವರು ಗ್ರಾಹಕರು, ಏಕೆಂದರೆ ಸ್ವಂತ ಉದ್ಯೋಗದ ಜೀವನೋಪಾಯಕ್ಕೆ ಕೊಂಡದ್ದನ್ನು ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ.

ದೂರು ಎಲ್ಲಿ, ಹೇಗೆ, ಎಷ್ಟು ಖರ್ಚು?

ಮೊದಲ ಹೆಜ್ಜೆಯಾಗಿ 1915ಕ್ಕೆ ಕರೆ ಮಾಡಬಹುದು. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅವರು ಕಂಪನಿಯೊಂದಿಗೆ ಮಾತಾಡಿ ಬಗೆಹರಿಸಲು ನೋಡುತ್ತಾರೆ. ದಂಡ ಹಾಕುವ, ಹಣ ಕೊಡಿಸುವ ಅಧಿಕಾರ ಅವರಿಗಿಲ್ಲ. ಮುಖ್ಯವಾಗಿ, 1915ಕ್ಕೆ ಕರೆ ಮಾಡಿದ್ದರಿಂದ ಆಯೋಗಕ್ಕೆ ಹೋಗುವ ಗಡುವು ನಿಲ್ಲುವುದಿಲ್ಲ. ಆ ಗಡುವು ಎರಡು ವರ್ಷ. 2024ರ ಮುಂಗಾರಿನಲ್ಲಿ ಬೀಜ ಕೆಟ್ಟಿದ್ದರೆ 2026ರ ಮುಂಗಾರಿನೊಳಗೆ ಆಯೋಗದಲ್ಲಿ ದೂರು ದಾಖಲಾಗಿರಬೇಕು. ತಡವಾದರೆ ಸಮಂಜಸ ಕಾರಣ ತೋರಿಸಬೇಕು, ಅದನ್ನು ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು.

ಕಂಪನಿ ಮುಂಬೈಯದ್ದು, ಹೈದರಾಬಾದಿನದ್ದು, ಅಲ್ಲಿಗೆ ಅಲೆಯಬೇಕು ಎಂಬ ಭಯ ಬೇಡ. 2020ರಿಂದ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಲಕ್ಷ್ಮೇಶ್ವರದಲ್ಲಿ ಕೂತು ಆನ್‌ಲೈನಿನಲ್ಲಿ ಕೊಂಡ ಸರಕಿಗೂ ಗದಗಿನ ಆಯೋಗವೇ ಸಾಕು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅದು ಜಿಲ್ಲಾ ಆಯೋಗದ ಪ್ರಕರಣ. ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಇಲ್ಲಿ ನೋಡುವುದು ನೀವು ಕೊಟ್ಟ ಬೆಲೆಯನ್ನು, ಕೇಳುವ ಪರಿಹಾರವನ್ನಲ್ಲ. 4,000 ರೂಪಾಯಿಯ ಬೀಜಕ್ಕೆ 3 ಲಕ್ಷದ ಬೆಳೆನಷ್ಟ ಕೇಳಿದರೂ ಶುಲ್ಕ ಸೊನ್ನೆ.

ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಸರಳ ಪ್ರಕರಣಕ್ಕೆ ಅದು ಸಾಕು. ಬೀಜ, ವಿಮೆ, ವೈದ್ಯಕೀಯದಂಥ ತಜ್ಞರ ವರದಿ ಬೇಕಾಗುವ ಪ್ರಕರಣದಲ್ಲಿ ವಕೀಲರ ನೆರವು ಪಡೆಯುವುದು ಒಳ್ಳೆಯದು. ಮುಂಡರಗಿಯಿಂದ ಪ್ರತಿ ಸಲ ಗದಗಿಗೆ ಬರುವುದು ಕಷ್ಟವಾದವರಿಗೆ ಇ-ಜಾಗೃತಿ ಎಂಬ ಜಾಲತಾಣವಿದೆ. 2025ರ ಜನವರಿಯಿಂದ ಇದು ಹಳೆಯ ಇ-ದಾಖಿಲ್ ಜಾಗಕ್ಕೆ ಬಂದಿದೆ, ದೂರನ್ನು ಅಲ್ಲೇ ಸಲ್ಲಿಸಬಹುದು. ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಾಗದದ ಮೇಲಿನ ಈ ಅವಧಿಯನ್ನು ನಂಬಿ ಸಾಲದ ಕಂತು ಲೆಕ್ಕ ಹಾಕಬೇಡಿ.

ನಿಮಗೆ ಹಣ ಬೇಡ, ಊರೂರಲ್ಲಿ ಆ ಮೋಸ ನಿಲ್ಲಬೇಕು ಎಂದಿದ್ದರೆ ಇನ್ನೊಂದು ಬಾಗಿಲು ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಗ್ರಾಹಕ ವರ್ಗಕ್ಕೆ ಆಗುತ್ತಿರುವ ಮೋಸ ಅಥವಾ ಸುಳ್ಳು ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗಳಿಗೇ ಲಿಖಿತ ದೂರು ಕೊಡಬಹುದು. ಅವರು ವಿಚಾರಣೆ ಮಾಡಿಸಿ ದಿಲ್ಲಿಯ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. 10 ಲಕ್ಷದ ದಂಡಕ್ಕೆ ಗದಗಿನಿಂದ ಹೊರಡುವ ದಾರಿಗಳಲ್ಲಿ ಇದೂ ಒಂದು. ಎರಡೂ ದೂರುಗಳನ್ನು ಒಟ್ಟಿಗೇ ಕೊಡಲು ಯಾವ ಅಡ್ಡಿಯೂ ಇಲ್ಲ.

ಆಯೋಗದಲ್ಲಿ ಗೆದ್ದ ಮೇಲೆ ಕಂಪನಿ ರಾಜ್ಯ ಆಯೋಗಕ್ಕೆ ಹೋಗುವುದು ಸಾಮಾನ್ಯ. ಅದಕ್ಕೆ 45 ದಿನದ ಕಾಲಾವಕಾಶವಿದೆ, ಆದರೆ ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಟ್ಟೇ ಮೇಲ್ಮನವಿ ಹಾಕಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದು ಕೂತರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು. ಈ ಜುಲ್ಮಾನೆಯೂ ಸೇರುವುದು ಸರ್ಕಾರಕ್ಕೇ. ಆಯೋಗ ನಿಮಗೆ ಕೊಡಲು ಹೇಳಿದ ಮೊತ್ತದ ಬಾಕಿ ಅದನ್ನು ಕಟ್ಟಿದ್ದರಿಂದ ತೀರುವುದಿಲ್ಲ, ಅದನ್ನು ಬೇರೆಯಾಗಿಯೇ ವಸೂಲಿ ಮಾಡಿಸಬೇಕು.